ವಯಸ್ಸಾದ ಮೊಲದ ಕೂದಲು ಉದುರುವುದು ನಿಲ್ಲದಿದ್ದಾಗ: ಗುಂಡನ ಪ್ರಕರಣ

ಗುಂಡ ನಮ್ಮ ಮನೆಯ ಗಂಡು ಮೊಲ. ಎಂಟು ವರ್ಷ ದಾಟಿದೆ. ಬಿಳಿ ಮೈ, ಬೆನ್ನ ಮೇಲೆ ಕಂದು ಮಚ್ಚೆ, ಯಾವ ತಳಿ ಅಂತ ಹೇಳಲು ಬರುವುದಿಲ್ಲ. ಸಂತಾನಹರಣದ ಆಪರೇಷನ್ ಚಿಕ್ಕವನಿದ್ದಾಗಲೇ ಆಗಿದೆ. ನಾವಿರುವುದು ಮೈಸೂರಿನಲ್ಲಿ, ನೆಲಮಹಡಿಯ ಮನೆ. ಅವನಿಗೆ ಪಂಜರ ಇಲ್ಲ, ಹಾಲ್ ಮತ್ತು ಒಂದು ರೂಮಿನಲ್ಲಿ ಓಡಾಡಿಕೊಂಡಿರುತ್ತಾನೆ. ಮನೆಯೊಳಗೆ ಚೆನ್ನಾಗಿ ನೋಡಿಕೊಂಡ ಮೊಲಗಳು ಸಾಮಾನ್ಯವಾಗಿ 8ರಿಂದ 12 ವರ್ಷ ಬದುಕುತ್ತವೆ. ಹಾಗಾಗಿ ಅವನು ಮುದುಕನೇ, ಆದರೆ ಇನ್ನೂ ಕಾಲ ಇರುವ ಮುದುಕ.

ಇದನ್ನು ವಿವರವಾಗಿ ಬರೆಯಲು ಒಂದು ಕಾರಣ ಇದೆ. ನಾನು ನೋಡಿದ ಮಟ್ಟಿಗೆ ಮೊಲದ ಬಗ್ಗೆ ಕನ್ನಡದಲ್ಲಿ ಸಿಗುವುದು ಹೆಚ್ಚಾಗಿ ಮಾಂಸಕ್ಕಾಗಿ ಸಾಕುವವರ ಮಾಹಿತಿ. ಅಲ್ಲಿ ಮೊಲ ಮುದಿಯಾಗುವಷ್ಟು ಕಾಲ ಇರುವುದೇ ಇಲ್ಲ. ವಯಸ್ಸಾದ ಮೊಲ ಮನೆಯಲ್ಲಿದ್ದು, ಅದರ ಮೈ ಬದಲಾಗುತ್ತಾ ಹೋದಾಗ ಏನು ನೋಡಬೇಕು, ಯಾವ ಕ್ರಮದಲ್ಲಿ ನೋಡಬೇಕು ಅನ್ನುವುದು ಎಲ್ಲೂ ಸುಲಭವಾಗಿ ಸಿಗುವುದಿಲ್ಲ.

ದೀಪಾವಳಿ ಆದ ಮೇಲೆ ಅವನ ಕೂದಲು ಉದುರಲು ಶುರುವಾಯಿತು. ಅದು ಹೊಸದಲ್ಲ, ಪ್ರತಿ ವರ್ಷ ಆಗುತ್ತದೆ, ಕೆಲವು ವಾರ ಮನೆಯೆಲ್ಲ ಕೂದಲು ಹಾರಾಡಿ ಆಮೇಲೆ ಹೊಸ ತುಪ್ಪಳ ಬಂದು ನಿಲ್ಲುತ್ತದೆ. ಈ ಸಲ ಸಂಕ್ರಾಂತಿ ಕಳೆದರೂ ನಿಲ್ಲಲಿಲ್ಲ. ಫ್ಯಾನ್ ಹಾಕಿದರೆ ಕೂದಲು. ಅಡುಗೆಮನೆಗೆ ಅವನು ಕಾಲಿಡುವುದೇ ಇಲ್ಲ, ಅಲ್ಲೂ ಕೂದಲು. ಎತ್ತಿಕೊಂಡರೆ ಅಂಗಿಯ ತುಂಬ.

"ಚಳಿಗಾಲ ಅಲ್ವಾ, ಉದುರುತ್ತೆ ಬಿಡಿ" ಅಂತ ಬಹಳ ಜನ ಹೇಳಿದರು. ಈ ಮಾತನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಮೊಲದ ಕೂದಲು ಬದಲಾಗುವುದನ್ನು ಮುಖ್ಯವಾಗಿ ನಡೆಸುವುದು ಹಗಲಿನ ಉದ್ದ. ಸಾಕುಮೊಲದ ಮೂಲ ಯುರೋಪಿನ ಸ್ಪೇನ್, ಪೋರ್ಚುಗಲ್ ಕಡೆಯದು, ಅಲ್ಲಿ ಬೇಸಿಗೆಯ ಹಗಲಿಗೂ ಚಳಿಗಾಲದ ಹಗಲಿಗೂ ದೊಡ್ಡ ವ್ಯತ್ಯಾಸ. ನಮ್ಮಲ್ಲಿ ವರ್ಷದ ಅತಿ ಉದ್ದದ ಹಗಲಿಗೂ ಅತಿ ಚಿಕ್ಕ ಹಗಲಿಗೂ ಇರುವ ಅಂತರ ಸುಮಾರು ಒಂದೂವರೆ ಗಂಟೆ ಮಾತ್ರ. ಮೇಲಿಂದ ಮನೆಯೊಳಗೆ ರಾತ್ರಿ ಹತ್ತರವರೆಗೆ ಟ್ಯೂಬ್‌ಲೈಟ್. ಹಾಗಾಗಿ ವಿದೇಶದ ವಿಡಿಯೋಗಳಲ್ಲಿ ಹೇಳುವ ವಸಂತ, ಶರತ್ಕಾಲದ ಲೆಕ್ಕ ನಮ್ಮ ಮನೆಯ ಮೊಲಕ್ಕೆ ಅಷ್ಟಾಗಿ ಕೂಡಿಬರುವುದಿಲ್ಲ. ಇಲ್ಲಿ ಮೊಲ ಯಾವ ತಿಂಗಳಲ್ಲಾದರೂ ಉದುರಿಸಬಹುದು, ಸ್ವಲ್ಪ ಸ್ವಲ್ಪವಾಗಿ ವರ್ಷವಿಡೀ ಉದುರಿಸಲೂಬಹುದು. ಯಾವಾಗ ಮತ್ತು ಎಷ್ಟು ಅನ್ನುವುದಕ್ಕಿಂತ ಹೇಗೆ ಮತ್ತು ಎಲ್ಲಿ ಅನ್ನುವುದನ್ನು ನೋಡಿದರೆ ಜಾಸ್ತಿ ಗೊತ್ತಾಗುತ್ತದೆ.

ಸಹಜವಾಗಿ ಉದುರುವಾಗ ಒಂದು ಕ್ರಮ ಇರುತ್ತದೆ. ಸಾಮಾನ್ಯವಾಗಿ ಮುಖ, ಕತ್ತಿನ ಕಡೆಯಿಂದ ಶುರುವಾಗಿ ಬೆನ್ನಿನ ಮೇಲೆ ಹಿಂದಕ್ಕೆ ಸಾಗುತ್ತದೆ, ಹೊಟ್ಟೆಯ ಭಾಗ ಕೊನೆಗೆ. ಹಳೆ ಕೂದಲು ಬಿಡಿಸಿದರೆ ಕೆಳಗೆ ಹೊಸ ಕೂದಲು ಕಾಣುತ್ತದೆ. ಚರ್ಮ ಕೆಂಪಾಗಿರುವುದಿಲ್ಲ, ಹೊಟ್ಟು ಇರುವುದಿಲ್ಲ. ಕೆಲವು ಕಡೆ ಚರ್ಮ ಕಪ್ಪಾಗಿ, ದಪ್ಪಗೆ ಕಂಡರೆ ಹೆದರಬೇಕಿಲ್ಲ, ಅಲ್ಲಿ ಹೊಸ ಕೂದಲು ಜೋರಾಗಿ ಬೆಳೆಯುತ್ತಿದೆ ಅಂತ ಅರ್ಥ.

ಗುಂಡನಲ್ಲಿ ಈ ಕ್ರಮ ಇರಲಿಲ್ಲ. ಮುಖ, ಕಿವಿ, ಎದೆ, ಮುಂಗಾಲು ಎಲ್ಲ ನೀಟಾಗಿ ನಯವಾಗಿತ್ತು. ಸೊಂಟದಿಂದ ಬಾಲದವರೆಗೆ ಮಾತ್ರ ಹಳೆ ಕೂದಲು ಹಾಗೇ ನಿಂತು, ಒಂದಕ್ಕೊಂದು ಹೆಣೆದುಕೊಂಡು ಕಂಬಳಿ ತುಂಡಿನ ಹಾಗೆ ಗಟ್ಟಿಯಾಗಿತ್ತು. ಅದನ್ನು ಬೆರಳಿನಿಂದ ಬಿಡಿಸಿದರೆ ಬಾಲದ ಮೇಲ್ಭಾಗದಲ್ಲಿ ಬಿಳಿ ಹೊಟ್ಟು, ದೊಡ್ಡ ಚಕ್ಕೆಗಳು. ಅಮ್ಮ ದಿನಾ ಅವನನ್ನು ತೋಳಿನ ಮೇಲೆ ಮಲಗಿಸಿಕೊಳ್ಳುತ್ತಾರೆ, ಅವರ ಮೊಣಕೈ ಕೆಳಗೆ ತುರಿಸುವ ಸಣ್ಣ ಕೆಂಪು ಗುಳ್ಳೆಗಳು ಎದ್ದಿದ್ದವು. ಬೇಸಿಗೆ ಹತ್ತಿರ ಬಂತು, ಬೆವರುಸಾಲೆ ಅಂತ ಅವರು ಅಂದುಕೊಂಡಿದ್ದರು.

ಕೂದಲಿನ ಜೊತೆಗೆ ಬೇರೆ ಬದಲಾವಣೆಗಳೂ ಇದ್ದವು. ಒಂದೊಂದನ್ನೇ ಬಿಡಿಯಾಗಿ ನೋಡಿದರೆ "ವಯಸ್ಸಾಯ್ತು" ಅಂತ ಸುಮ್ಮನಾಗುವಂಥವು. ಸೋಫಾ ಮೇಲೆ ಹಾರುವುದನ್ನು ನಿಲ್ಲಿಸಿದ್ದ. ಎಡಗಣ್ಣಲ್ಲಿ ನೀರು ಸುರಿದು ಕೆಳಗಿನ ಕೂದಲು ಒದ್ದೆ. ಹುಲ್ಲು ತಿನ್ನುವುದು ಕಡಿಮೆಯಾಗಿ ಕೊತ್ತಂಬರಿ, ಸಬ್ಬಸಿಗೆ ಸೊಪ್ಪನ್ನೇ ಕಾಯುತ್ತಿದ್ದ. ಹಿಕ್ಕೆ ಚಿಕ್ಕದಾಗಿತ್ತು, ಕೆಲವು ಹಿಕ್ಕೆಗಳು ಕೂದಲಿನ ಎಳೆಯಲ್ಲಿ ಒಂದಕ್ಕೊಂದು ಅಂಟಿ ಸಾಲಾಗಿ ಬೀಳುತ್ತಿದ್ದವು. ಇದಲ್ಲದೆ ಮೆತ್ತನೆಯ, ಹೊಳೆಯುವ, ವಾಸನೆ ಇರುವ ಇನ್ನೊಂದು ಬಗೆಯ ಹಿಕ್ಕೆ ನೆಲದ ಮೇಲೆ, ಅವನ ಹಿಂಭಾಗದಲ್ಲಿ ಅಂಟಿಕೊಂಡಿರುತ್ತಿತ್ತು. ಈ ಮೆತ್ತನೆ ಹಿಕ್ಕೆಯನ್ನು ಆರೋಗ್ಯವಂತ ಮೊಲ ತಾನೇ ಬಗ್ಗಿ ನೇರವಾಗಿ ಬಾಯಿಂದ ತೆಗೆದುಕೊಂಡು ನುಂಗುತ್ತದೆ, ಅದರಲ್ಲಿ ಬಿ ವಿಟಮಿನ್‌ಗಳು, ಪ್ರೋಟೀನ್ ಇರುತ್ತವೆ. ಅದು ನೆಲದ ಮೇಲೆ ಉಳಿಯಿತು ಅಂದರೆ ಸಾಮಾನ್ಯವಾಗಿ ಎರಡರಲ್ಲಿ ಒಂದು. ಆಹಾರದಲ್ಲಿ ಪಿಷ್ಟ, ಸಕ್ಕರೆ ಜಾಸ್ತಿಯಾಗಿದೆ. ಇಲ್ಲವಾದರೆ ಮೊಲಕ್ಕೆ ಬಗ್ಗಿ ಅಲ್ಲಿಗೆ ತಲುಪಲು ಆಗುತ್ತಿಲ್ಲ. ಗುಂಡನಿಗೆ ಹಣ್ಣು, ಧಾನ್ಯ ಕೊಡುವ ಅಭ್ಯಾಸ ನಮ್ಮ ಮನೆಯಲ್ಲಿ ಇಲ್ಲ.

ಅಡುಗೆಮನೆಯ ಡಿಜಿಟಲ್ ತೂಕದ ಯಂತ್ರದಲ್ಲಿ ಆಗಾಗ ತೂಗಿ ಬರೆದಿಡುತ್ತೇವೆ. 2.2 ಕೆಜಿ ಇದ್ದವನು 1.8ಕ್ಕೆ ಇಳಿದಿದ್ದ. 400 ಗ್ರಾಂ ಅಂದರೆ ನಮಗೆ ಏನೂ ಅಲ್ಲ ಅನ್ನಿಸಬಹುದು, ಅವನ ಮೈಯ ಐದನೇ ಒಂದು ಭಾಗಕ್ಕೆ ಹತ್ತಿರ ಅದು. ದಪ್ಪ ತುಪ್ಪಳ ಇರುವುದರಿಂದ ಕಣ್ಣಿಗೆ ಕಾಣುವುದೇ ಇಲ್ಲ. ಬೆನ್ನುಮೂಳೆಯ ಮೇಲೆ ಕೈಯಾಡಿಸಿದರೆ ಗೊತ್ತಾಗುತ್ತದೆ, ತೂಕ ಬರೆದಿಟ್ಟಿದ್ದರೆ ಇನ್ನೂ ಖಚಿತವಾಗಿ ಗೊತ್ತಾಗುತ್ತದೆ.

ಮೊದಲು ಹತ್ತಿರದ ಒಂದು ಕ್ಲಿನಿಕ್‌ಗೆ ಹೋದೆವು. ಹೆಚ್ಚಾಗಿ ನಾಯಿ, ಬೆಕ್ಕು ನೋಡುವ ಜಾಗ. ಬಾಯಿ ತೆರೆದು ನೋಡಲಿಲ್ಲ. ವಯಸ್ಸಾಗಿದೆ, ಚಿಗಟ ಇರಬಹುದು ಅಂತ ಹೇಳಿ ಕತ್ತಿನ ಹಿಂದೆ ಹಾಕುವ ಹನಿ ಔಷಧಿಯ ಪ್ಯಾಕೆಟ್ ಕೊಟ್ಟರು. ಮನೆಗೆ ಬಂದು ಲೇಬಲ್ ಓದಿದರೆ ಫಿಪ್ರೋನಿಲ್. ಇದನ್ನು ದಯವಿಟ್ಟು ಎಲ್ಲರೂ ನೆನಪಿಡಿ. ನಾಯಿ, ಬೆಕ್ಕಿಗೆ ದಿನನಿತ್ಯ ಬಳಸುವ ಫಿಪ್ರೋನಿಲ್ ಮೊಲಕ್ಕೆ ವಿಷ. ಊಟ ಬಿಡುವುದು, ಮಂಕಾಗುವುದು, ಫಿಟ್ಸ್, ಸಾವು ಕೂಡ ಆಗಬಹುದು. ನಾವು ಅದನ್ನು ಹಾಕಲಿಲ್ಲ. ಹಾಗೆಯೇ ಬಾಯಿಂದ ಕೊಡುವ ಅಮಾಕ್ಸಿಸಿಲಿನ್‌ನಂಥ ಪೆನಿಸಿಲಿನ್ ಜಾತಿಯ ಆಂಟಿಬಯಾಟಿಕ್‌ಗಳು, ಕ್ಲಿಂಡಾಮೈಸಿನ್ ಕೂಡ ಮೊಲಕ್ಕೆ ಕೂಡದು, ಕರುಳಿನ ಒಳ್ಳೆ ಬ್ಯಾಕ್ಟೀರಿಯಾ ಸತ್ತು ಕೆಟ್ಟವು ಬೆಳೆದು ಜೀವಕ್ಕೇ ಅಪಾಯ. ಮೊಲವನ್ನು ಚಿಕ್ಕ ನಾಯಿ ಅಂತ ನೋಡುವ ಕಡೆ ಈ ಔಷಧಿಗಳ ಹೆಸರನ್ನು ನೀವೇ ಬಾಯಿಬಿಟ್ಟು ಕೇಳಬೇಕು. ಮುಜುಗರ ಪಡಬೇಡಿ.

ಆಮೇಲೆ ಮೊಲ, ಗಿಣಿ, ಆಮೆಗಳನ್ನು ನೋಡಿ ಅನುಭವ ಇರುವ ಬೆಂಗಳೂರಿನ ಒಬ್ಬ ವೈದ್ಯೆಯ ಹತ್ತಿರ ಹೋದೆವು. ಬೆಳಗಿನ ಜಾವ ಕಾರಿನಲ್ಲಿ ಹೊರಟೆವು, ಯಾಕೆಂದರೆ ಮೊಲ ಬೆವರುವುದಿಲ್ಲ, 30 ಡಿಗ್ರಿ ಹತ್ತಿರ ಬಂದರೇ ಅದಕ್ಕೆ ಕಷ್ಟ ಶುರು. ಬುಟ್ಟಿಯ ತುಂಬ ಹುಲ್ಲು, ಕೆಳಗೆ ಅವನದೇ ವಾಸನೆಯ ಬಟ್ಟೆ. ಜೊತೆಗೆ ಫೋನಿನಲ್ಲಿ ಒಂದು ವಿಡಿಯೋ ಮಾಡಿಕೊಂಡಿದ್ದೆ. ಆಸ್ಪತ್ರೆಯ ಮೇಜಿನ ಮೇಲೆ ಮೊಲ ಹೆದರಿ ಕಲ್ಲಾಗಿ ಕೂತುಬಿಡುತ್ತದೆ, ಮನೆಯಲ್ಲಿ ಹೇಗಿರುತ್ತದೆ ಅಂತ ವೈದ್ಯರಿಗೆ ಕಾಣುವುದೇ ಇಲ್ಲ. ವಿಡಿಯೋದಲ್ಲಿ ಗುಂಡ ಮೈ ನೆಕ್ಕಿಕೊಳ್ಳುತ್ತಿದ್ದಾನೆ. ಮುಖ ಒರೆಸಿಕೊಳ್ಳುತ್ತಾನೆ, ಕಿವಿ ಎಳೆದು ನೆಕ್ಕುತ್ತಾನೆ, ಆಮೇಲೆ ಪಕ್ಕೆಯ ಕಡೆ ತಿರುಗಲು ಹೋಗಿ ಅರ್ಧಕ್ಕೇ ನಿಲ್ಲುತ್ತಾನೆ, ಹಿಂಗಾಲು ಟೈಲ್ಸ್ ಮೇಲೆ ಜಾರುತ್ತದೆ, ಬಿಟ್ಟುಬಿಡುತ್ತಾನೆ. ವೈದ್ಯೆ ಅದನ್ನು ಮತ್ತೆ ಮತ್ತೆ ಹಾಕಿಸಿ ನೋಡಿದರು.

ಮೊದಲು ಹೊಟ್ಟಿನ ಪರೀಕ್ಷೆ. ಪಾರದರ್ಶಕ ಟೇಪನ್ನು ಚರ್ಮಕ್ಕೆ ಒತ್ತಿ ತೆಗೆದು ಸೂಕ್ಷ್ಮದರ್ಶಕದ ಕೆಳಗೆ ಇಟ್ಟರು. ಚೈಲೆಟಿಯೆಲ್ಲಾ ಅನ್ನುವ ನುಸಿ ಸಿಕ್ಕಿತು. ಇದು ಚರ್ಮದ ಮೇಲ್ಪದರದಲ್ಲಿ ಇರುವ ನುಸಿ, ಹೊಟ್ಟಿನ ಚಕ್ಕೆಯ ಕೆಳಗೆ ಓಡಾಡುವಾಗ ಹೊಟ್ಟೇ ನಡೆದ ಹಾಗೆ ಕಾಣುತ್ತದೆ. ಮನುಷ್ಯರ ಮೈಮೇಲೆ ಇದು ನೆಲೆಯೂರುವುದಿಲ್ಲ, ಆದರೆ ತಾಗಿದ ಕಡೆ ಕಚ್ಚಿ ತುರಿಸುವ ಗುಳ್ಳೆ ಎಬ್ಬಿಸುತ್ತದೆ. ಅಮ್ಮನ ತೋಳಿನ ಗುಳ್ಳೆಗೆ ಅಲ್ಲೇ ಉತ್ತರ ಸಿಕ್ಕಿತು.

ಇಲ್ಲಿಗೆ ಪ್ರಕರಣ ಮುಗಿಯಿತು ಅನ್ನಿಸುತ್ತದೆ. ಹೊಟ್ಟಿಗೆ ಕಾರಣ ಸಿಕ್ಕಿತು, ಔಷಧಿ ಇದೆ, ಹಾಕಿದರಾಯಿತು. ಆದರೆ ವೈದ್ಯೆ ನಿಲ್ಲಿಸಲಿಲ್ಲ, ನನ್ನ ಲೆಕ್ಕದಲ್ಲಿ ಇಡೀ ಪ್ರಕರಣ ತಿರುಗಿದ್ದು ಇಲ್ಲೇ. ಎಷ್ಟೋ ಮೊಲಗಳ ಮೈಮೇಲೆ ಈ ನುಸಿ ಸ್ವಲ್ಪ ಪ್ರಮಾಣದಲ್ಲಿ ಇದ್ದೇ ಇರುತ್ತದೆ. ಮೊಲ ದಿನಕ್ಕೆ ಗಂಟೆಗಟ್ಟಲೆ ಮೈ ನೆಕ್ಕಿಕೊಳ್ಳುವುದರಿಂದ ಅದು ಹದ್ದುಬಸ್ತಿನಲ್ಲಿ ಇರುತ್ತದೆ. ನೆಕ್ಕಿಕೊಳ್ಳಲು ಆಗದಿದ್ದಾಗ, ಅದೂ ಯಾವ ಜಾಗಕ್ಕೆ ಬಾಯಿ ತಲುಪುವುದಿಲ್ಲವೋ ಆ ಜಾಗದಲ್ಲಿ, ನುಸಿ ಹೆಚ್ಚುತ್ತದೆ, ಸತ್ತ ಕೂದಲು ಉಳಿಯುತ್ತದೆ. ಹಾಗಾದರೆ ಯಾಕೆ ತಲುಪುತ್ತಿಲ್ಲ? ಬೊಜ್ಜು ಕಾರಣ ಇರಬಹುದು, ಆದರೆ ಇವನು ಸಣಕಲಾಗಿದ್ದಾನೆ. ಉಳಿದಿದ್ದು ಬಾಯಿ ಮತ್ತು ಬೆನ್ನು.

ಬಾಯಿಯೊಳಗೆ ಓಟೋಸ್ಕೋಪ್ (ಕಿವಿಯೊಳಗೆ ನೋಡಲು ಬಳಸುವ ದೀಪದ ಉಪಕರಣ) ಹಾಕಿ ನೋಡಿದರು. ಮೊಲಕ್ಕೆ 28 ಹಲ್ಲು, ಎಲ್ಲವೂ ಸಾಯುವವರೆಗೆ ಬೆಳೆಯುತ್ತಲೇ ಇರುತ್ತವೆ. ಹುಲ್ಲನ್ನು ಅಡ್ಡಡ್ಡಲಾಗಿ ಅಗಿದು ಅಗಿದು ಸವೆಯಬೇಕು. ನಮಗೆ ಹೊರಗಿನಿಂದ ಕಾಣುವುದು ಮುಂದಿನ ಹಲ್ಲು ಮಾತ್ರ, ಗುಂಡನದು ಚೆನ್ನಾಗೇ ಇತ್ತು. ಒಳಗೆ ಕೆಳಗಿನ ಎಡ ದವಡೆ ಹಲ್ಲೊಂದು ಸರಿಯಾಗಿ ಸವೆಯದೆ ನಾಲಿಗೆಯ ಕಡೆಗೆ ಮುಳ್ಳಿನಂತೆ ಚೂಪಾಗಿ ಬೆಳೆದಿತ್ತು, ನಾಲಿಗೆಯ ಅಂಚಿನಲ್ಲಿ ಹುಣ್ಣು. ನೆಕ್ಕಿದಾಗಲೆಲ್ಲ ನೋವು. ಹುಲ್ಲು ಬಿಟ್ಟು ಮೆತ್ತನೆ ಸೊಪ್ಪು ಆರಿಸಿಕೊಂಡಿದ್ದು ಅದಕ್ಕೇ. ಹುಲ್ಲು ಬಿಟ್ಟ ಮೇಲೆ ಹಲ್ಲು ಇನ್ನೂ ಕಡಿಮೆ ಸವೆಯಿತು, ಮುಳ್ಳು ಇನ್ನೂ ಬೆಳೆಯಿತು. ಮೇಲಿನ ಹಲ್ಲುಗಳ ಬೇರು ಉದ್ದವಾಗಿ ಕಣ್ಣೀರಿನ ನಾಳವನ್ನು ಒತ್ತುತ್ತಿತ್ತು, ಕಣ್ಣು ಸೋರುತ್ತಿದ್ದುದು ಆ ಕಾರಣಕ್ಕೆ.

ಎಕ್ಸ್‌ರೇಯಲ್ಲಿ ಬೆನ್ನು ಕಾಣಿಸಿತು. ಸೊಂಟದ ಕಶೇರುಗಳ ಕೆಳಗೆ ಹೊಸ ಮೂಳೆ ಬೆಳೆದು ಒಂದಕ್ಕೊಂದು ಸೇತುವೆ ಕಟ್ಟಿದ್ದವು. ಸ್ಪಾಂಡಿಲೋಸಿಸ್. ಬೆನ್ನು ಗಟ್ಟಿಯಾಗಿ ತಿರುಗುವುದು ಕಷ್ಟ. ಮೆತ್ತನೆ ಹಿಕ್ಕೆ ತೆಗೆದುಕೊಳ್ಳಲು ಆಗದಿರುವುದು, ಸೋಫಾ ಹತ್ತದಿರುವುದು, ಹಿಂಭಾಗದ ಕೂದಲು ಕಂಬಳಿಯಾಗಿದ್ದು ಎಲ್ಲ ಇಲ್ಲಿಂದ. ಅದೇ ಎಕ್ಸ್‌ರೇಯಲ್ಲಿ ಎದೆಯನ್ನೂ ತೆಗೆಸಿದರು. ವಯಸ್ಸಾದ ಮೊಲಗಳಲ್ಲಿ ಎದೆಯೊಳಗಿರುವ ಥೈಮಸ್ ಗ್ರಂಥಿಯ ಗಡ್ಡೆ ಬಂದಾಗಲೂ ಮೈಯೆಲ್ಲ ಚಕ್ಕೆ ಏಳುತ್ತದೆ, ಕೂದಲು ಹೋಗುತ್ತದೆ. ಅಂಥದ್ದೇನೂ ಇರಲಿಲ್ಲ. ಚರ್ಮದ ಎಣ್ಣೆ ಗ್ರಂಥಿಗಳು ಉರಿಯೂತದಿಂದ ಹಾಳಾಗುವ ಇನ್ನೊಂದು ಕಾಯಿಲೆಯೂ ಇದೆ, ಅದು ಸಾಮಾನ್ಯವಾಗಿ ತಲೆ, ಕತ್ತಿನಿಂದ ಶುರುವಾಗುತ್ತದೆ, ಖಚಿತವಾಗಬೇಕಾದರೆ ಚರ್ಮದ ತುಣುಕು ಪರೀಕ್ಷೆ ಬೇಕು. ಗುಂಡನ ತಲೆ, ಕತ್ತು ನಯವಾಗಿದ್ದರಿಂದ ಸದ್ಯಕ್ಕೆ ಬೇಡ ಅಂದರು. ರಕ್ತದಲ್ಲಿ ಮೂತ್ರಪಿಂಡದ ಅಂಶಗಳು ಸರಿ ಇದ್ದವು. ಇದನ್ನು ನೋಡದೆ ನೋವಿನ ಔಷಧಿಯನ್ನು ದಿನಗಟ್ಟಲೆ ಕೊಡುವ ಹಾಗಿಲ್ಲ.

ಹೆಣ್ಣು ಮೊಲ ಸಾಕಿದವರಿಗೆ ಒಂದು ಮಾತು. ಆಪರೇಷನ್ ಆಗದ ವಯಸ್ಸಾದ ಹೆಣ್ಣು ಮೊಲಗಳಲ್ಲಿ ಗರ್ಭಕೋಶದ ಕ್ಯಾನ್ಸರ್ ತುಂಬಾ ಸಾಮಾನ್ಯ. ತೂಕ ಇಳಿಯುವುದು, ಮೂತ್ರದಲ್ಲಿ ರಕ್ತ ಕಂಡರೆ ಮೊದಲು ಅದನ್ನು ನೋಡಿಸಿ.

ಚಿಕಿತ್ಸೆಗೆ ಬರುತ್ತೇನೆ. ನುಸಿಗೆ ಸೆಲಮೆಕ್ಟಿನ್ ಹನಿ, ಕೆಲವು ವಾರ ಬಿಟ್ಟು ಮತ್ತೆ. ಈ ನುಸಿ ಮೈ ಬಿಟ್ಟು ಹೊರಗೂ ಕೆಲವು ದಿನ ಬದುಕುವುದರಿಂದ ಅವನ ಹಾಸಿಗೆ, ಬಟ್ಟೆಗಳನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿದೆವು. ಬೆನ್ನಿನ ನೋವಿಗೆ ಮೆಲಾಕ್ಸಿಕಾಮ್. ಇದರ ಪ್ರಮಾಣವನ್ನು ನಾಯಿಯ ಲೆಕ್ಕದಲ್ಲಿ ಕೊಟ್ಟರೆ ಮೊಲಕ್ಕೆ ಸಾಲುವುದಿಲ್ಲ, ಮೊಲ ಗೊತ್ತಿರುವ ವೈದ್ಯರೇ ತೂಕ ನೋಡಿ ಬರೆದುಕೊಡಬೇಕು.

ಹಲ್ಲಿನ ಮುಳ್ಳನ್ನು ಅರಿವಳಿಕೆ ಕೊಟ್ಟು ತೇಯಬೇಕಿತ್ತು. ಹಿಂದಿನ ದಿನ ಫೋನ್ ಮಾಡಿದಾಗ ಅಲ್ಲಿನ ಸಹಾಯಕರೊಬ್ಬರು ಅಭ್ಯಾಸಬಲದಿಂದ "ರಾತ್ರಿಯಿಂದ ಏನೂ ಕೊಡಬೇಡಿ" ಅಂದರು. ವೈದ್ಯೆ ಅದನ್ನು ಆಮೇಲೆ ತಿದ್ದಿದರು. ನಾಯಿ, ಬೆಕ್ಕನ್ನು ಉಪವಾಸ ಇಡುವುದು ವಾಂತಿಯ ಭಯಕ್ಕೆ. ಮೊಲಕ್ಕೆ ವಾಂತಿ ಮಾಡಲು ಬರುವುದೇ ಇಲ್ಲ. ಉಪವಾಸ ಇಟ್ಟರೆ ಕರುಳಿನ ಓಟ ನಿಲ್ಲುತ್ತದೆ, ಅದೇ ದೊಡ್ಡ ಅಪಾಯ. ಅರಿವಳಿಕೆಗೆ ಒಯ್ಯುವವರೆಗೂ ಅವನ ಮುಂದೆ ಹುಲ್ಲು ಇತ್ತು. ಮಂಪರಿನಲ್ಲಿ ಇದ್ದಾಗಲೇ ಹಿಂಭಾಗದ ಗಂಟುಗಟ್ಟಿದ ಕೂದಲನ್ನು ಮೆಷಿನ್‌ನಿಂದ ತೆಗೆದುಬಿಟ್ಟರು. ಇದು ನನಗೆ ಬಹಳ ಹಿಡಿಸಿತು. ಮೊಲದ ಚರ್ಮ ತುಂಬಾ ತೆಳು, ಮನೆಯಲ್ಲಿ ಕತ್ತರಿ ಹಿಡಿದು ಕೂತರೆ ಕೂದಲಿನ ಜೊತೆ ಚರ್ಮವೂ ಹೋಗುತ್ತದೆ. ಸ್ನಾನ ಮಾಡಿಸಿ ಗಂಟು ಬಿಡಿಸುವುದಂತೂ ಬೇಡವೇ ಬೇಡ, ಗಾಬರಿಗೂ ಚಳಿಗೂ ಮೊಲ ಕುಸಿದುಬಿಡುತ್ತದೆ.

ಆ ದಿನ ಸಂಜೆ ಮನೆಗೆ ಬಂದವನು ಏನೂ ತಿನ್ನಲಿಲ್ಲ. ಹಿಕ್ಕೆಯೂ ಇಲ್ಲ. ಮೂಲೆಯಲ್ಲಿ ಮುದುಡಿ, ಕಣ್ಣು ಅರ್ಧ ಮುಚ್ಚಿ, ಹಲ್ಲು ಕಡಿಯುತ್ತಾ ಕೂತ. ಇದನ್ನು ಮಲಗಿದ್ದಾನೆ ಅಂತ ಬಿಡಬಾರದು. ಕಣ್ಣು ಕಿರಿದಾಗುವುದು, ಕೆನ್ನೆ ಚಪ್ಪಟೆಯಾಗುವುದು, ಮೀಸೆ ಬಿಗಿಯುವುದು, ಕಿವಿ ಹಿಂದಕ್ಕೆ ಒತ್ತಿಕೊಳ್ಳುವುದು ಮೊಲದ ಮುಖದಲ್ಲಿ ನೋವು ಕಾಣುವ ಬಗೆ. ಮೊಲ ಅರ್ಧ ದಿನ ತಿನ್ನದೆ, ಹಿಕ್ಕೆ ಹಾಕದೆ ಇದ್ದರೆ ಅದು ತುರ್ತು ಪರಿಸ್ಥಿತಿ, ಬೆಳಗಾಗಲಿ ಅಂತ ಕಾಯುವ ಹಾಗಿಲ್ಲ. ವೈದ್ಯೆ ಫೋನಿನಲ್ಲಿ ಹೇಳಿದ ಹಾಗೆ ನೋವಿನ ಔಷಧಿ ಕೊಟ್ಟು, ಮೈ ಬೆಚ್ಚಗಿಟ್ಟು, ಪೆಲೆಟ್ (ಒಣ ಗುಳಿಗೆಯಂಥ ಮೊಲದ ಆಹಾರ) ನೆನೆಸಿ ನುಣ್ಣಗೆ ಮಾಡಿ ಸಿರಿಂಜಿನಲ್ಲಿ ಬಾಯಿಯ ಪಕ್ಕದಿಂದ ಸ್ವಲ್ಪ ಸ್ವಲ್ಪವೇ ತಿನ್ನಿಸಿದೆವು. ರಾತ್ರಿಯಿಡೀ ಅಮ್ಮ ಮತ್ತು ನಾನು ಸರದಿಯಲ್ಲಿ ಎದ್ದಿದ್ದೆವು. ಬೆಳಗಿನ ಹೊತ್ತಿಗೆ ಚಿಕ್ಕ ಹಿಕ್ಕೆಗಳು ಬಿದ್ದವು.

ಈ ಹೊತ್ತಿನಲ್ಲೇ ನೆಂಟರು, ಪಕ್ಕದ ಮನೆಯವರು ಪ್ರೀತಿಯಿಂದ ಹೇಳಿದ ಮಾತು, ಹೊಟ್ಟೆಯಲ್ಲಿ ಕೂದಲಿನ ಉಂಡೆ ಆಗಿದೆ, ಅನಾನಸ್ ರಸ ಕೊಡಿ, ಪರಂಗಿ ಕೊಡಿ, ಹರಳೆಣ್ಣೆ ಕೊಡಿ. ಕೂದಲು ಕೆರಾಟಿನ್ ಅನ್ನುವ ಗಟ್ಟಿ ಪ್ರೋಟೀನ್‌ನಿಂದ ಆದದ್ದು, ಅನಾನಸ್ ಅಥವಾ ಪರಂಗಿಯ ಕಿಣ್ವಗಳು ಅದನ್ನು ಕರಗಿಸುವುದಿಲ್ಲ, ಸಕ್ಕರೆ ಮಾತ್ರ ಕರುಳಿಗೆ ಹೋಗುತ್ತದೆ. ಎಣ್ಣೆಯನ್ನು ಬಲವಂತವಾಗಿ ಕುಡಿಸಿದರೆ ಶ್ವಾಸಕೋಶಕ್ಕೆ ಇಳಿಯುವ ಭಯ. ಎಲ್ಲ ಮೊಲದ ಹೊಟ್ಟೆಯಲ್ಲೂ ಸ್ವಲ್ಪ ಕೂದಲು ಇದ್ದೇ ಇರುತ್ತದೆ, ನಾರು ಮತ್ತು ನೀರು ಸಾಕಷ್ಟಿದ್ದರೆ ಅದು ಹಿಕ್ಕೆಯ ಜೊತೆ ಹೊರಗೆ ಹೋಗುತ್ತದೆ. ಬಹುತೇಕ ಸಲ ಮೊದಲು ಕರುಳು ನಿಧಾನವಾಗುತ್ತದೆ, ಆಮೇಲೆ ಕೂದಲು ಅಲ್ಲಿ ಒಣಗಿ ಗಟ್ಟಿಯಾಗುತ್ತದೆ. ಕರುಳು ನಿಧಾನವಾಗಲು ಇಲ್ಲಿ ಕಾರಣ ನೋವು.

ಮನೆಯಲ್ಲಿ ಮಾಡಿದ ಬದಲಾವಣೆಗಳು ಸರಳ. ಅವನು ಓಡಾಡುವ ದಾರಿಯ ಟೈಲ್ಸ್ ಮೇಲೆಲ್ಲ ಹಳೆ ಜಮಖಾನೆ ಹಾಸಿದೆವು, ಹಿಂಗಾಲಿಗೆ ಹಿಡಿತ ಸಿಕ್ಕ ಕೂಡಲೇ ನಡಿಗೆಯೇ ಬೇರೆಯಾಯಿತು. ಅವನು ಹಿಕ್ಕೆ, ಮೂತ್ರ ಮಾಡುವ ಟ್ರೇಯ ಒಂದು ಬದಿ ಕತ್ತರಿಸಿ ತಗ್ಗು ಮಾಡಿದೆವು. ಆಮದು ಟಿಮೊಥಿ ಹುಲ್ಲು ದುಬಾರಿ, ಅದರ ಜೊತೆ ಔಷಧಿ ಹೊಡೆಯದ ಕಡೆಯಿಂದ ತಂದ ಗರಿಕೆಯನ್ನೂ ಕೊಡುತ್ತೇವೆ. ಕುದುರೆ ಮಸಾಲೆ ಸೊಪ್ಪು ಕೊಡುವುದಿಲ್ಲ, ಅದರಲ್ಲಿ ಸುಣ್ಣದ ಅಂಶ (ಕ್ಯಾಲ್ಸಿಯಂ) ಜಾಸ್ತಿ. ಮೊಲ ತಿಂದ ಸುಣ್ಣವನ್ನು ಬೇರೆ ಪ್ರಾಣಿಗಳಿಗಿಂತ ಹೆಚ್ಚಾಗಿ ಹೀರಿಕೊಂಡು, ಮಿಕ್ಕಿದ್ದನ್ನು ಮೂತ್ರದಲ್ಲಿ ಹಾಕುತ್ತದೆ. ಓಡಾಟ ಕಡಿಮೆಯಾದ ಮುದಿ ಮೊಲದ ಮೂತ್ರಕೋಶದಲ್ಲಿ ಅದು ಕೆಸರಾಗಿ ಕೂರುತ್ತದೆ. ಕೂದಲನ್ನು ದಿನಾ ಸಂಜೆ ಒದ್ದೆ ಅಂಗೈಯಿಂದ ಸವರಿ, ಆಮೇಲೆ ಮೆತ್ತನೆ ರಬ್ಬರ್ ಬ್ರಷ್‌ನಿಂದ ತೆಗೆಯುತ್ತೇವೆ, ಅವನು ಮೂತಿ ತಿರುಗಿಸಿದ ಕೂಡಲೇ ನಿಲ್ಲಿಸುತ್ತೇವೆ. ಅವನು ತಲುಪಲಾಗದ ಹಿಂಭಾಗಕ್ಕೆ ನಮ್ಮ ಕೈ ಬೇಕು, ಮುಂಭಾಗವನ್ನು ಅವನೇ ನೋಡಿಕೊಳ್ಳುತ್ತಾನೆ.

ಯುಗಾದಿಯ ಹೊತ್ತಿಗೆ ಹೊಟ್ಟು ಹೋಗಿತ್ತು, ಅಮ್ಮನ ತೋಳಿನ ಗುಳ್ಳೆಯೂ ಹೋಗಿತ್ತು. ಬೋಳಿಸಿದ ಕಡೆ ಕೂದಲು ನಿಧಾನವಾಗಿ, ತೇಪೆ ತೇಪೆಯಾಗಿ ಬಂತು. ತೂಕ ಈಗ 2.05 ಕೆಜಿ. ಮೆತ್ತನೆ ಹಿಕ್ಕೆ ನೆಲದ ಮೇಲೆ ಅಪರೂಪ. ಕೂದಲು ಈಗಲೂ ಉದುರುತ್ತದೆ, ಆದರೆ ಬಂದು ಹೋಗುತ್ತದೆ, ಗಂಟುಗಟ್ಟುವುದಿಲ್ಲ. ಸೋಫಾ ಹತ್ತುವುದಿಲ್ಲ, ಅದನ್ನು ನಾವೂ ಕೇಳುವುದಿಲ್ಲ. ಕಣ್ಣೀರು ನಿಂತಿಲ್ಲ. ಹಲ್ಲಿನ ಬೇರು ಚಿಕ್ಕದಾಗುವುದಿಲ್ಲವಾದ್ದರಿಂದ ಅದು ಹೀಗೇ ಇರುತ್ತದೆ, ದಿನಾ ಎರಡು ಹೊತ್ತು ಒರೆಸಿ ಒಣಗಿಸಬೇಕು.

ಹಲ್ಲು ಮತ್ತೆ ಬೆಳೆಯುತ್ತದೆ, ಕೆಲವು ತಿಂಗಳಿಗೊಮ್ಮೆ ತೇಯಿಸಲೇಬೇಕು. ಮೊನ್ನೆ ಬಾಲದ ಹತ್ತಿರ ಕೂದಲು ಸ್ವಲ್ಪ ನಿಲ್ಲಲು ಶುರುವಾಗಿದ್ದನ್ನು ಅಮ್ಮ ಗಮನಿಸಿದರು. ನುಸಿ ಹುಡುಕುವ ಮೊದಲು ಬಾಯಿ ನೋಡಿಸಿದೆವು. ಅದೇ ಎಡ ಹಲ್ಲಿನಲ್ಲಿ ಮುಳ್ಳು ಆಗಷ್ಟೇ ಏಳುತ್ತಿತ್ತು, ನಾಲಿಗೆಗೆ ಇನ್ನೂ ತಾಗಿರಲಿಲ್ಲ. ಮುಂದಿನ ವಾರ ತೇಯಿಸುವುದಿದೆ. ಅದಕ್ಕೂ ಮೊದಲು ರಕ್ತಪರೀಕ್ಷೆ, ಮೆಲಾಕ್ಸಿಕಾಮ್ ಇದೇ ಪ್ರಮಾಣದಲ್ಲಿ ಮುಂದುವರಿಸಬಹುದೋ ಇಲ್ಲವೋ ಅಂತ ಮೂತ್ರಪಿಂಡದ ಅಂಶಗಳನ್ನು ನೋಡಿ ವೈದ್ಯೆ ಹೇಳುತ್ತಾರೆ.